ತೋಳ್ಬಲದ ಪಂದ್ಯ

ಜನವರಿ ೯

ಸಮಸ್ತ ಬಂದರಿನ ಸಾರ್ವಭೌಮರೂ, ಗಗನಚುಂಬಿ ಕ್ರೇನಾರೂಢರೂ, ಸಾವಿರಾರು ಕಬ್ಬಿಣದ ಪೆಟ್ಟಿಗೆಗಳನ್ನು ಹಡಗಿನಿಂದೆತ್ತಿ ನೆಲಕ್ಕಿಳಿಸಿದರೂ ತಮ್ಮನ ಒಂದೇ ಒಂದು ಮಾತನ್ನೂ ಕಿವಿಯಿಂದೆತ್ತಿ ತಲೆಗಿಳಿಸದವರೂ ಆದ ಶ್ರೀಮದಣ್ಣನವರ ಪಾದಾರವಿಂದಗಳಿಗೆ, ಅರ್ಥಾತ್ ಆ ಪಾದಗಳು ಸದಾ ವಾಸಿಸುವ ಹರಕಲು ಬೂಟುಗಳಿಗೆ, ಒಡಹುಟ್ಟಿದ ತರಲೆಯು ಉದ್ದಂಡ ಬಿದ್ದು ಮಾಡಿಕೊಳ್ಳುವ ಬಿನ್ನಹವೇನೆಂದರೆ:

ಬದುಕಿದ್ದೇನೆ.

ಫೋನ್ ಮಾಡಲಿಲ್ಲ ಅಂತ ಬೈಯಬೇಡ. ಇಲ್ಲಿ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ಏಣಿ ಹತ್ತಬೇಕು. ಜೀವ ಕೈಯಲ್ಲಿ ಹಿಡಿದು ಹತ್ತಿ ಮಾಡಿದರೆ ನೀನು "ಹ್ಞೂಂ", "ಸರಿ", "ಇಡ್ತೀನಿ" ಅನ್ನುತ್ತೀಯ. ಅದಕ್ಕೆ ನಾನು ಏಣಿ ಹತ್ತಬೇಕೆ? ಪತ್ರವಾದರೆ ಕಾಗದ ಖಾಲಿ ಬಿಡಲು ನಿನಗೇ ಮುಜುಗರವಾಗಿ ನಾಲ್ಕು ಸಾಲಾದರೂ ಗೀಚುತ್ತೀಯ.

ನನ್ನ ಹುದ್ದೆಯನ್ನು ಒಮ್ಮೆ ಉಸಿರು ಬಿಗಿಹಿಡಿದು ಓದಿಕೋ: ಗ್ರಾಮೀಣ ಪುರುಷರ ಮತ್ತು ಬಾಲಕರ ಸಮುದಾಯ ಆರೋಗ್ಯ ಕಾರ್ಯಕ್ರಮದ ಕ್ಷೇತ್ರ ಕಾರ್ಯಕರ್ತ. ಊರೆಂದರೆ ಒಂದು ಮರ ಕೊಯ್ಯುವ ಮಿಲ್ಲು, ಅದರ ಸುತ್ತ ಮನೆಗಳು. ಮಿಲ್ಲಿನವರು ಹಿಂದೆ ಲಾರಿಗಳ ತೂಕ ಬರೆದುಕೊಳ್ಳುತ್ತಿದ್ದ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ಒಂದು ಕಿಟಕಿ, ಒಂದು ಬೆಂಚು, ಒಂದು ತೂಕದ ಯಂತ್ರ, ಒಂದು ಬಿಪಿ ಮಿಷನ್ನು, ಗೋಡೆಯ ಮೇಲೆ ಒಳಗಿನ ಅಂಗಾಂಗವೆಲ್ಲ ಕಾಣುವ ಒಬ್ಬ ಗಂಡಸಿನ ಚಿತ್ರ. ಯಾರೋ ಅವನಿಗೆ ಮೀಸೆ ಬರೆದಿದ್ದಾರೆ. ಹಿಂದಿನ ಗೋಡೆಗೆ ಆನಿಸಿ ನನ್ನ ಮಂಚ. ಎಲ್ಲದರ ಮೇಲೂ ಮರದ ಹೊಟ್ಟು, ನನ್ನ ಅನ್ನದ ಮೇಲೂ.

ಕಾರ್ಯಕ್ರಮ ತೆರೆದಿದೆ. ಪುರುಷರು ಮಾತ್ರ ಬಂದಿಲ್ಲ. ಮಿಲ್ಲಿನ ಬಾಗಿಲಲ್ಲಿ ನಿಂತು ಕರೆದರೆ, ದೊಡ್ಡ ಗರಗಸ ನಡೆಸುವ ಒಬ್ಬ ಭೀಮಕಾಯದವನು, ಎಲ್ಲರೂ ಅವನನ್ನು ದಿಮ್ಮಿ ಅಂತಲೇ ಕರೆಯುತ್ತಾರೆ, "ಆರೋಗ್ಯ ಅಂದ್ರೆ ಹೆಂಗಸರಿಗೆ, ಮಕ್ಕಳಿಗೆ ಕಣಯ್ಯ. ಗಂಡಸಿಗೆ ಇರೋದು ಎರಡೇ. ಒಂದು ಕೆಲಸ, ಇನ್ನೊಂದು ಸಾವು. ನಡುವೆ ನಿಂದೇನು?" ಅಂದ. ಸುತ್ತಲಿದ್ದವರು ಗೊಳ್ಳೆಂದರು. ನಾನೂ ನಕ್ಕೆ. ಚೆನ್ನಾಗಿತ್ತು ಮಾತು.

ಹುಡುಗರು ನಾಚಿಕೆಯಿಲ್ಲದೆ ಪ್ರಶ್ನೆ ಕೇಳಲಿ ಅಂತ ಹೊರಗೆ ಒಂದು ಡಬ್ಬಿ ಇಟ್ಟಿದ್ದೆ. ಹೆಸರು ಬರೆಯಬೇಕಿಲ್ಲ, ಮೈಮನಸ್ಸಿನ ಬಗ್ಗೆ ಏನು ಬೇಕಾದರೂ ಕೇಳಬಹುದು ಅಂತ ಬರೆದಿದ್ದೆ. ಒಂದು ಚೀಟಿ ಬಿತ್ತು. "ನೀವು ಯಾವಾಗ ಹೋಗ್ತೀರಿ?"

ಇತಿ ತಮ್ಮ ಪಾದಧೂಳಿ, ಈಗ ಮರದ ಹೊಟ್ಟಿನ ಧೂಳಿ,
ತರಲೆ


ಜನವರಿ ೨೩

ತರಲೆ,

ಕಾಗದ ಬಂತು. ಮೊದಲಿನ ಆರು ಸಾಲು ಬಿಟ್ಟು ಓದಿದೆ.

ನಾನು ಚೆನ್ನಾಗಿದ್ದೇನೆ. ಕ್ರೇನಿನ ಮೇಲೆ ಈಗ ಗಾಳಿ ಜಾಸ್ತಿ. ಕ್ಯಾಬಿನ್ನಿಗೆ ಹೊಸ ಗಾಜು ಹಾಕಿದ್ದಾರೆ, ಕೆಳಗಿನದೆಲ್ಲ ಸ್ಪಷ್ಟ ಕಾಣುತ್ತದೆ. ರೂಮಿನಲ್ಲಿ ಜೊತೆಗಿದ್ದವನು ಮದುವೆಯಾಗಿ ಹೋದ. ಅವನ ಮಂಚ ಹಾಗೇ ಇದೆ.

ಊಟ ಸರಿಯಾಗಿ ಮಾಡು. ಅನ್ನಕ್ಕೆ ತಟ್ಟೆ ಮುಚ್ಚಿಡು, ಹೊಟ್ಟು ಬೀಳಲ್ಲ. ಇಷ್ಟನ್ನೂ ಓದಿದವನಿಗೆ ಹೇಳಿಕೊಡಬೇಕಾ?

ಜನ ಬರದಿದ್ದರೆ ಸುಮ್ಮನೆ ಕೂತುಕೋ. ತರಲೆ ಮಾಡಬೇಡ.

ಅಣ್ಣ


ಫೆಬ್ರವರಿ ೪

ಗಾಜಿನ ಗೂಡಿನೊಳಗಿಂದ ಲೋಕವನ್ನೇ ದಿಟ್ಟಿಸುವ ದಿವ್ಯದೃಷ್ಟಿಯುಳ್ಳವರೂ, ಮಿತಭಾಷಿಗಳ ಮಹಾಸಭೆಯ ಮೂಕ ಅಧ್ಯಕ್ಷರೂ ಆದ ಅಣ್ಣನವರ ಸನ್ನಿಧಾನಕ್ಕೆ,

ತರಲೆ ಮಾಡಿದ್ದೇನೆ.

ಮಿಲ್ಲಿನಲ್ಲಿ ಬಿಸಾಡಿದ್ದ ಹಲಗೆ ತಂದು ಬಿಪಿ ಮಿಷನ್ನಿಗೆ ಒಂದು ಪೆಟ್ಟಿಗೆ ಹೊಡೆದೆ. ಮೇಲಿನ ಅಂಕೆ ಕಾಣುವಷ್ಟು ಒಂದು ಕಿಂಡಿ, ತೋಳಿಗೆ ಸುತ್ತುವ ಪಟ್ಟಿ ಹೊರಗೆ ಬರಲು ಒಂದು ತೂತು. ಮೇಲೆ ಕೆಂಪು ಬಣ್ಣದಲ್ಲಿ "ತೋಳ್ಬಲ" ಅಂತ ಬರೆದೆ. ಸಂಜೆ ಮಿಲ್ಲು ಬಿಡುವ ಹೊತ್ತಿಗೆ ಅದನ್ನು ಬೆಂಚಿನ ಸಮೇತ ದಾರಿಗಿಟ್ಟು, ಕೈಕಟ್ಟಿ, ನ್ಯಾಯಾಧೀಶರ ಮುಖ ಮಾಡಿಕೊಂಡು ಕೂತೆ. ಕರೆಯಲಿಲ್ಲ. ಯಾರಾದರೂ ಏನೆಂದು ಕೇಳಿದರೆ "ಇದು ಎಲ್ಲರಿಗಲ್ಲ" ಅಂದೆ.

ಅಷ್ಟೇ ಸಾಕಾಯಿತು. ಸಾಲು ನೋಡಬೇಕಿತ್ತು ನೀನು!

ದೊಡ್ಡ ಅಂಕೆ ಬಂದವನೇ ಗೆದ್ದವನು ಅಂತ ನಾನು ಹೇಳಲಿಲ್ಲ. ಅವರೇ ತೀರ್ಮಾನ ಮಾಡಿಕೊಂಡರು. ನಾನು ಅಲ್ಲ ಅನ್ನಲಿಲ್ಲ, ಅಷ್ಟೆ. ಲೋಡಿಂಗಿನವನಿಗೆ ನೂರ ನಲವತ್ತು ಬಂತು, ಎದೆಯುಬ್ಬಿಸಿದ. ಮೇಸ್ತ್ರಿಗೆ ನೂರಹದಿನೆಂಟು ಬಂತು, "ಥೂ, ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ" ಅಂತ ಮೆತ್ತಗಾದ. ಕೊನೆಗೆ ದಿಮ್ಮಿ ಬಂದು ತೋಳು ಚಾಚಿದ. ಪಟ್ಟಿ ಸುತ್ತು ಸಾಲದೆ ಎರಡು ಸಲ ಬಿಚ್ಚಿಕೊಂಡಿತು. ನೂರ ಎಂಬತ್ತಾರು! ಚಪ್ಪಾಳೆಯೋ ಚಪ್ಪಾಳೆ. ನಾನೂ ಹೊಡೆದೆ. ಹೆಗಲ ಮೇಲೆ ಹೊತ್ತು ಮಿಲ್ಲಿನ ಸುತ್ತ ತಿರುಗಿಸಬೇಕೆಂದು ನಾಲ್ವರು ಹೊರಟರು, ಎತ್ತಲಾಗದೆ ಬಿಟ್ಟರು.

ಈಗ ದಿನಾ ಸಂಜೆ ಜಾತ್ರೆ. ಹುಡುಗರು ಅಂಕೆ ಏರಲಿ ಅಂತ ಮಿಲ್ಲಿನ ಸುತ್ತ ಓಡಿ ಏದುಸಿರು ಬಿಡುತ್ತಾ ಬಂದು ಕೂರುತ್ತಾರೆ. ನಿನ್ನೆ ಮೇಸ್ತ್ರಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಏನೋ ನೆಕ್ಕುತ್ತಿದ್ದ. "ಏನು ಮೇಸ್ತ್ರಿಗಳೇ?" ಅಂದೆ. "ಉಪ್ಪು. ಇದನ್ನ ತಿಂದ್ರೆ ಏರುತ್ತಂತೆ ಕಣಪ್ಪ." ಇದು ಮಾತ್ರ ಸ್ವಲ್ಪ ಕೈಮೀರಿತು ಅನ್ನಿಸುತ್ತಿದೆ. ಈ ತಿಂಗಳ ಕೊನೆಗೆ ನಮ್ಮ ಕಾರ್ಯಕ್ರಮದ ಡಾಕ್ಟರಮ್ಮ ಬರುತ್ತಾರೆ. ಅವರ ಮುಂದೆ ಪೆಟ್ಟಿಗೆ ಬಿಚ್ಚಿ ಗುಟ್ಟು ಒಡೆಯುತ್ತೇನೆ. ಅಷ್ಟರೊಳಗೆ ಊರಿಗೆ ಊರೇ ನನ್ನ ಬುಟ್ಟಿಯಲ್ಲಿ.

ನಿನ್ನೆ ಎಷ್ಟು ಜನ ನನ್ನ ಜೊತೆ ಮಾತಾಡಿದರು ಗೊತ್ತಾ? ಲೆಕ್ಕವಿಲ್ಲ. ಮಲಗಿದ ಮೇಲೂ ಕಿವಿಯಲ್ಲಿ ಗದ್ದಲ.

ತರಲೆ, ತೋಳ್ಬಲ ಪರೀಕ್ಷಾ ಮಂಡಳಿಯ ಏಕೈಕ ಸದಸ್ಯ


ಫೆಬ್ರವರಿ ೧೭

ತರಲೆ,

ನಿನ್ನ ಕಾಗದ ಕ್ಯಾಬಿನ್ನಿನಲ್ಲಿ ಕೂತು ಓದಿದೆ. ನಕ್ಕೆ. ಕೆಳಗಿನಿಂದ ಫೋರ್‌ಮನ್ ವಾಕಿಟಾಕಿಯಲ್ಲಿ "ಏನಾಯ್ತು ಮೇಲೆ?" ಅಂತ ಕೇಳಿದ. ಏನಿಲ್ಲ ಅಂದೆ. ಹಾಗೆ ನಕ್ಕು ಬಹಳ ದಿನವಾಗಿತ್ತು.

ನಿನ್ನ ದಿಮ್ಮಿಗೆ ಹೇಳು, ಮೆರೆಯಬೇಡ ಅಂತ. ಇಲ್ಲಿ ಅವನನ್ನು ಮೀರಿಸುವವನು ಒಬ್ಬನಿದ್ದಾನೆ. ಹೋದ ತಿಂಗಳು ಕಂಪನಿಯವರು ಎಲ್ಲರಿಗೂ ತಪಾಸಣೆ ಮಾಡಿಸಿದರು. ನನಗೆ ನೂರ ತೊಂಬತ್ತನಾಲ್ಕು! ಆ ನರ್ಸಮ್ಮ ಗಾಬರಿಯಾಗಿ, "ಸ್ವಲ್ಪ ಹೊತ್ತು ಕೂತು ಇನ್ನೊಮ್ಮೆ ತೋರಿಸಿ" ಅಂದಳು. ಲಂಚ್ ಮುಗಿಸಿ ಬರ್ತೀನಿ ಅಂತ ಎದ್ದು ಬಂದವನು ಮತ್ತೆ ಹೋಗಲಿಲ್ಲ. ಚೀಟಿ ನನ್ನ ಹತ್ತಿರವೇ ಇದೆ. ಫೋರ್‌ಮನ್ ಕೇಳಿಲ್ಲ, ನಾನು ಕೊಟ್ಟಿಲ್ಲ. ಕೊಟ್ಟರೆ ಕ್ರೇನಿನಿಂದ ಇಳಿಸುತ್ತಾರೆ.

ಹಾಗಾಗಿ ಪಂದ್ಯ ನಂದೇ. ಬಹುಮಾನ ಏನಿಟ್ಟಿದ್ದೀಯ?

ದಿಂಬು ಸರಿಯಿಲ್ಲ, ಬೆಳಿಗ್ಗೆ ಎದ್ದರೆ ಹಿಂದಲೆ ನೋವು. ಹೊಸದು ತಗೋಬೇಕು.

ಅಣ್ಣ


ಫೆಬ್ರವರಿ ೨೧

ಅಣ್ಣ,

ಇದೊಂದು ಕಾಗದವನ್ನು ಮೊದಲಿನಿಂದ ಓದು, ಏನೂ ಬಿಡಬೇಡ.

ದಿಂಬಿನದಲ್ಲ ಅದು. ಅಪ್ಪನೂ ದಿಂಬು ಸರಿಯಿಲ್ಲ ಅಂತಲೇ ಹೇಳುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ತಲೆನೋವು ಅಂತ ಬಾಗಿಲ ಬಳಿ ಕೂತವರು ಕೂತಂತೆಯೇ ಹೋದರು. ನನಗೆ ನೆನಪಿಲ್ಲ, ನೀನೇ ಹೇಳಿದ್ದು. ಅವರಿಗೆ ಆಗ ಎಷ್ಟು ವಯಸ್ಸು ಅಂತಲೂ ನೀನೇ ಹೇಳಿದ್ದು. ಬರುವ ವರ್ಷ ನಿನಗೆ ಅಷ್ಟಾಗುತ್ತದೆ.

ಅದು ತೋಳಿನ ಬಲವಲ್ಲ ಅಂತ ನಿನಗೆ ಗೊತ್ತು. ನನ್ನ ಊರಿನವರಿಗೆ ಗೊತ್ತಿರಲಿಲ್ಲ, ನಿನಗೆ ಗೊತ್ತು. ಗೊತ್ತಿದ್ದೂ ಆ ಏಣಿ ಹತ್ತುತ್ತಿದ್ದೀಯ. ಅಷ್ಟೆತ್ತರದಲ್ಲಿ ಒಬ್ಬನೇ ಕೂತಿರುವಾಗ ಏನಾದರೂ ಆದರೆ ಕೆಳಗಿನವರಿಗೆ ಗೊತ್ತಾಗುವುದು ಯಾವಾಗ? ಕಬ್ಬಿಣದ ಪೆಟ್ಟಿಗೆಯ ಕೆಳಗೆ ನಿಂತಿರುವವರ ಗತಿ ಏನು?

ನಾಳೆಯೇ ಚೀಟಿ ಕೊಡು. ಕ್ರೇನಿನಿಂದ ಇಳಿ. ಮಾತ್ರೆ ಶುರುಮಾಡು. ದಿನಕ್ಕೊಂದು ಮಾತ್ರೆ ಅಣ್ಣ, ಬೇರೇನೂ ಅಲ್ಲ.

ಡಾಕ್ಟರಮ್ಮ ಬರುವವರೆಗೆ ನಾನೂ ಕಾಯುವುದಿಲ್ಲ. ಇವತ್ತು ಸಂಜೆಯೇ ಇವರಿಗೆಲ್ಲ ನಿಜ ಹೇಳಿಬಿಡುತ್ತೇನೆ.

ನನಗೆ ನೀನಲ್ಲದೆ ಯಾರಿದ್ದಾರೆ?


ಮಾರ್ಚ್ ೩

ನನ್ನ ಮೇಲೆ ಡಾಕ್ಟರಿಕೆ ಮಾಡಬೇಡ. ನಿನ್ನನ್ನು ಓದಿಸಿದ್ದು ಅದಕ್ಕಲ್ಲ.

ತಮಾಷೆಗೆ ಬರೆದೆ. ನೀನು ವರ್ಷಗಟ್ಟಲೆ ತಮಾಷೆ ಮಾಡಿದ್ದನ್ನು ನಾನು ಸಹಿಸಿದ್ದೇನೆ. ನಾನು ಒಂದು ಸಲ ಮಾಡಿದ್ದಕ್ಕೆ ನೀನು ಅಪ್ಪನನ್ನು ಎಳೆದು ತಂದೆ.

ಇಲ್ಲಿ ಇಳಿದವರನ್ನು ಮತ್ತೆ ಹತ್ತಿಸುವುದಿಲ್ಲ. ನನಗೆ ಬೇರೆ ಏನು ಬರುತ್ತದೆ? ಮೇಲೆ ಕೂತಾಗ ಮಾತ್ರ ನಾನೂ ಒಬ್ಬ ಮನುಷ್ಯ ಅನ್ನಿಸುತ್ತದೆ. ಅದು ನಿನಗೆ ಅರ್ಥವಾಗುವುದಿಲ್ಲ. ನಿನ್ನ ಸುತ್ತ ಊರೇ ಇದೆ.

ಸ್ವಲ್ಪ ದಿನ ಬರೆಯಬೇಡ.


ಮಾರ್ಚ್ ೧೪

ಕೋಪತಾಪಗಳ ಕುಲುಮೆಯೂ, ಮೌನವ್ರತದ ಮಹಾಮೇರುವೂ, ಬರೆಯಬೇಡವೆಂದು ಅಪ್ಪಣೆ ಕೊಡಿಸಿದ ಮಹಾಪ್ರಭುಗಳೂ ಆದ ಅಣ್ಣನವರಿಗೆ, ಅಪ್ಪಣೆ ಮೀರಿದ ಅಪರಾಧಿಯು ಅರುಹುವುದೇನೆಂದರೆ:

ಇದು ನಾನು ಬರೆಯುತ್ತಿರುವ ಪತ್ರವಲ್ಲ. ದಿಮ್ಮಿಯ ಪರವಾಗಿ ಬರೆಯುತ್ತಿರುವ ಸವಾಲು. ನಾನು ಬರೀ ಗುಮಾಸ್ತ.

ಊರವರಿಗೆ ನಿಜ ಹೇಳಿದೆ. ಮೊದಲು ಗುರ್ ಅಂದರು, ಆಮೇಲೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಈಗ ನಿಯಮ ತಿರುಗಿಸಿದ್ದೇವೆ. ಯಾರ ಅಂಕೆ ಇಳಿಯುತ್ತದೋ ಅವನೇ ಗಂಡಸು. ದಿಮ್ಮಿ ಬೆಂಚಿನ ಮೇಲೆ ಕೂತು, "ಏರಿಸೋದು ಯಾವ ಮಹಾ ಕೆಲಸ, ಇಳಿಸಿ ತೋರಿಸ್ತೀನಿ" ಅಂತ ಎಲ್ಲರೆದುರು ಮಾತ್ರೆ ನುಂಗಿದ. ಉಪ್ಪಿನ ಡಬ್ಬಿಯನ್ನು ಮನೆಯಿಂದ ಗಡೀಪಾರು ಮಾಡಿದ್ದಾನಂತೆ. ಈ ವಾರ ನೂರ ಎಂಬತ್ತೆರಡು.

ಬಂದರಿನಲ್ಲೊಬ್ಬ ನೂರ ತೊಂಬತ್ತನಾಲ್ಕರವನಿದ್ದಾನೆ ಅಂತ ಅವನಿಗೆ ಹೇಳಿದೆ. "ಅವನು ಇಳೀತಾನಾ?" ಅಂದ. ಗೊತ್ತಿಲ್ಲ ಅಂದೆ. "ಇಳಿಯಲ್ಲ ಬಿಡು. ಮೇಲೆ ಕೂತು ರೂಢಿ ಆದೋರಿಗೆ ಇಳಿಯೋಕೆ ಭಯ" ಅಂದ. ಮಾತು ಅವನದು, ನನ್ನ ಮೇಲೆ ಹರಿಹಾಯಬೇಡ.

ಗುಮಾಸ್ತ


ಏಪ್ರಿಲ್ ೪

ಅಣ್ಣ,

ಬಿರುದಾವಳಿ ಈ ಸಲ ಬೇಡ, ಮೈಯಲ್ಲಿ ಉತ್ಸಾಹವಿಲ್ಲ. ಇಲ್ಲಿ ಸಂಜೆ ಹೊತ್ತು ಗರಗಸ ನಿಂತ ಮೇಲೆ ಕಿವಿಯೇ ಹೋಯಿತೇನೋ ಅನ್ನುವಷ್ಟು ಮೌನ. ಆಗ ಬೆಂಚು ಒರೆಸುತ್ತೇನೆ. ಒರೆಸಿದ ಬೆಂಚನ್ನೇ ಮತ್ತೆ ಒರೆಸುತ್ತೇನೆ.

ದಿಮ್ಮಿ ನೂರ ಎಪ್ಪತ್ತಕ್ಕೆ ಇಳಿದ. ನಿನ್ನ ಕಡೆಯಿಂದ ಸುದ್ದಿಯೇ ಇಲ್ಲ ಅಂತ ಕೇಳಿಕೊಂಡು ಬಂದಿದ್ದ. ಅಣ್ಣನಿಗೆ ಕೆಲಸ ಜಾಸ್ತಿ ಅಂದೆ.

ಒಂದು ಸಾಲು ಬರೆ. ಬೈದಾದರೂ ಬರೆ.


ಏಪ್ರಿಲ್ ೨೦

ನೂರ ಎಪ್ಪತ್ತಾರು. ಹೇಳು ಅವನಿಗೆ.

ಬಂದರಿನ ಹೊರಗೆ ಒಂದು ಕ್ಲಿನಿಕ್ಕಿದೆ, ಅಲ್ಲಿ ತೋರಿಸಿದೆ. ಕಂಪನಿಗೆ ಗೊತ್ತಿಲ್ಲ. ಮಾತ್ರೆ ಕೊಟ್ಟರು. ನೀನು ಹೇಳಿದೆ ಅಂತ ಅಲ್ಲ. ಯಾವನೋ ಮರ ಕೊಯ್ಯುವವನು ನನಗೆ ಭಯ ಅಂದನಲ್ಲ, ಅದಕ್ಕೆ.

ಅಣ್ಣ


ಏಪ್ರಿಲ್ ೨೭

ಮಾತ್ರೆ ನುಂಗಿದ ಮಹಾರಥಿಗಳೂ, ಮೌನದ ಕೋಟೆಯ ದಿಡ್ಡಿಬಾಗಿಲನ್ನು ಒಂದಿಂಚು ತೆರೆದ ಕರುಣಾಳುಗಳೂ ಆದ ಶ್ರೀಮದಣ್ಣನವರಿಗೆ ಜಯವಾಗಲಿ, ಜಯವಾಗಲಿ!

ನಿನ್ನ ಕಾಗದ ಬಂದಾಗ ಅನ್ನ ಬಸಿಯುತ್ತಿದ್ದೆ. ಅರ್ಧ ಅನ್ನ ಗಂಜಿಯ ಜೊತೆ ಮೋರಿಗೆ ಹೋಯಿತು. ಹೋಗಲಿ.

ದಿಮ್ಮಿಗೆ ತೋರಿಸಿದೆ. "ಎಪ್ಪತ್ತಾರಾ? ಪರವಾಗಿಲ್ಲ, ಹುಡುಗ ಕಲೀತಾನೆ" ಅಂದ. ಅವನದು ಈಗ ನೂರ ಐವತ್ತೆಂಟು. ಹುಷಾರು, ಅಂತರ ಬಹಳ ಇದೆ.

ಆದರೆ ಅಣ್ಣ, ಅವನೊಂದು ಮಾತು ಕೇಳಿದ. "ನಿಮ್ಮಣ್ಣ ಮಾತ್ರೆ ತಗೊಂಡು ಇನ್ನೂ ಮೇಲೇ ಕೂತಿದಾನಾ? ಹಾಗಾದ್ರೆ ಪಂದ್ಯ ಅರ್ಧ" ಅಂತ. ಗುಮಾಸ್ತನಿಗೇಕೆ ಆ ಉಸಾಬರಿ.

ತರಲೆ


ಮೇ ೧೯

ತರಲೆ,

ತಡವಾಯಿತು. ಚೀಟಿ ಕೊಟ್ಟೆ.

ಫೋರ್‌ಮನ್ ಚೀಟಿಯನ್ನು ಎರಡು ಸಲ ಓದಿದ. "ಇಷ್ಟು ದಿನ ನಾನು ಇದರ ಕೆಳಗೆ ನಿಂತು ಸಿಗ್ನಲ್ ಕೊಡ್ತಿದ್ದೆನಲ್ಲೋ" ಅಂದ. ನನಗೆ ಮುಖ ಎತ್ತಲಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಹಗ್ಗ, ಕೊಕ್ಕೆ, ಸರಪಳಿ ಇಡುವ ಉಗ್ರಾಣದಲ್ಲಿ ಕೂರಿಸಿದ್ದಾರೆ. ಬಂದವರಿಗೆ ಎಣಿಸಿ ಕೊಡುವುದು, ವಾಪಸ್ಸು ಎಣಿಸಿ ಇಡುವುದು. ಒಂದು ವಿಚಿತ್ರ ನೋಡು. ಮೇಲೆ ಇದ್ದಾಗ ಒಬ್ಬನೇ, ಆದರೆ ಎಲ್ಲರೂ ಕಾಣುತ್ತಿದ್ದರು. ಟೀ ಕುಡಿಯುವವರು, ಜಗಳ ಆಡುವವರು, ಯಾರು ಯಾರ ಹೆಗಲ ಮೇಲೆ ಕೈ ಹಾಕಿದರು, ಎಲ್ಲಾ. ಈಗ ಅವರ ನಡುವೆಯೇ ಇದ್ದೇನೆ, ಯಾರೂ ಕಾಣುವುದಿಲ್ಲ. ಬರುತ್ತಾರೆ, ಸರಪಳಿ ತಗೊಂಡು ಹೋಗುತ್ತಾರೆ. ನನ್ನ ಕ್ರೇನಿನಲ್ಲಿ ಬೇರೆಯವನು ಕೂತಿದ್ದಾನೆ. ಪೆಟ್ಟಿಗೆಯನ್ನು ಧಡ್ ಅಂತ ಇಳಿಸುತ್ತಾನೆ. ಆ ಸದ್ದು ಕೇಳಿದಾಗಲೆಲ್ಲ ಕೈ ತಾನಾಗಿ ಹಿಡಿಕೆ ಹುಡುಕುತ್ತದೆ.

ಅಂಕೆ ನೂರ ಐವತ್ತೆರಡು. ನಿಜ ಹೇಳಬೇಕೆಂದರೆ ನಿನ್ನ ದಿಮ್ಮಿ ಇಲ್ಲದಿದ್ದರೆ ಆಗುತ್ತಿರಲಿಲ್ಲ. ಬೆಳಿಗ್ಗೆ ಮಾತ್ರೆ ತಗೊಳ್ಳುವಾಗ, ಅಲ್ಲಿ ಅವನೂ ಈಗ ನುಂಗುತ್ತಿರುತ್ತಾನೆ ಅಂದುಕೊಳ್ಳುತ್ತೇನೆ. ಮುಖ ನೋಡದವನು. ಹುಚ್ಚು.

ಅವನದು ಎಷ್ಟಾಯಿತು?

ಅಣ್ಣ


ಮೇ ೨೮

ಅಣ್ಣ,

ನಿನ್ನ ಕಾಗದವನ್ನು ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ಓದಿದೆ. ಇಳಿದೆಯಲ್ಲ. ನನ್ನ ಎಲ್ಲ ಬಿರುದುಗಳೂ ಸೇರಿ ನಿನಗೆ ಸಾಲುವುದಿಲ್ಲ, ಹಾಗಾಗಿ ಬರೆಯುವುದಿಲ್ಲ.

ದಿಮ್ಮಿ ನೂರ ಐವತ್ತಾರು. ಅಲ್ಲೇ ನಿಂತಿದ್ದಾನೆ, ಯಾಕೋ ಇಳಿಯುತ್ತಿಲ್ಲ.

ಡಾಕ್ಟರಮ್ಮ ಬಂದು ಹೋದರು. ಹುಡುಗರ ಪ್ರಶ್ನೆ ಡಬ್ಬಿಯಲ್ಲಿ ಈಗ ಜೇಡ ಮನೆ ಮಾಡಿದೆ. ಅದಕ್ಕಾದರೂ ಏನೋ ಕೇಳುವುದಿದೆಯೇನೋ. ಹೆಹ್ಹೆ.

ತರಲೆ


ಜೂನ್ ೧೨

ತರಲೆ,

ನೂರ ನಲವತ್ತು! ಅವನನ್ನು ದಾಟಿದೆ!

ಆದರೆ ಅವನದು ಯಾಕೆ ನಿಂತಿತು? ಕ್ಲಿನಿಕ್ಕಿನ ಡಾಕ್ಟರನ್ನು ಕೇಳಿದೆ. ನನ್ನ ಗೆಳೆಯನೊಬ್ಬ ಹಳ್ಳಿಯಲ್ಲಿದ್ದಾನೆ ಅಂದೆ. ಗೆಳೆಯ ಅಂತ ಬಾಯಿಗೆ ಬಂತು. ಅವರು ಹೇಳಿದ್ದು ಬರೆಯುತ್ತೇನೆ, ಓದಿ ಹೇಳು ಅವನಿಗೆ. ಉಪ್ಪಿನಕಾಯಿ, ಹಪ್ಪಳ ಬಿಡಬೇಕು. ಒಬ್ಬನೇ ಉಣ್ಣುವವರು ಸಾರು ಮಾಡಿಕೊಳ್ಳಲು ಬೇಜಾರಾಗಿ ಅದರಲ್ಲೇ ಊಟ ಮುಗಿಸುತ್ತಾರೆ. ನಾನು ಹಾಗೇ ಮಾಡುತ್ತಿದ್ದೆ. ನಿದ್ದೆ ಬರುತ್ತದಾ ಕೇಳು. ಯಾರ ಜೊತೆಯಾದರೂ ದಿನಾ ನಾಲ್ಕು ಮಾತಾಡುತ್ತಾನಾ ಕೇಳು. ಅದೂ ಲೆಕ್ಕಕ್ಕೆ ಬರುತ್ತದಂತೆ, ನಾನು ನಂಬಿರಲಿಲ್ಲ. ಈಗ ಉಗ್ರಾಣಕ್ಕೆ ಫೋರ್‌ಮನ್ ಊಟದ ಡಬ್ಬಿ ತಗೊಂಡು ಬರುತ್ತಾನೆ. ಸರಪಳಿಯ ರಾಶಿಯ ಮೇಲೆ ಕೂತು ಇಬ್ಬರೂ ಉಣ್ಣುತ್ತೇವೆ.

ಅವನಿಗೆ ಮನೆಯಲ್ಲಿ ಯಾರೂ ಇಲ್ಲವಾ?

ಅಣ್ಣ


ಜೂನ್ ೨೧

ಅಣ್ಣ,

ಓದಿ ಹೇಳಿದೆ. ತಲೆ ತಗ್ಗಿಸಿಕೊಂಡು ಕೇಳಿದ.

ಯಾರೂ ಇಲ್ಲ. ಒಬ್ಬನೇ ಉಣ್ಣುತ್ತಾನೆ, ಉಪ್ಪಿನಕಾಯಿ ಜೊತೆ, ನೀನು ಹೇಳಿದ ಹಾಗೇ. ನಿದ್ದೆ ಅಷ್ಟಕ್ಕಷ್ಟೆ. ಮಾತು ಅಂದರೆ ಬೆಳಿಗ್ಗೆ ಅಂಗಡಿಯಲ್ಲಿ "ಚಿಲ್ಲರೆ ಇದೆಯಾ", ಅಷ್ಟೆ. ಆದರೆ ನಿನ್ನ ಕಾಗದ ಬಂದ ದಿನ ಚೆನ್ನಾಗಿರುತ್ತಾನೆ.

ಗೆಳೆಯ ಅಂದೆಯಲ್ಲ, ಅದನ್ನೂ ಓದಿ ಹೇಳಿದೆ.

ನೂರ ಐವತ್ತೆಂಟು.


ಜುಲೈ ೮

ತರಲೆ,

ನೂರ ಮೂವತ್ತೆರಡು. ಡಾಕ್ಟರು ಹೀಗೇ ಇದ್ದರೆ ವರ್ಷದ ಕೊನೆಗೆ ಕ್ರೇನಿಗೆ ಬರೆದುಕೊಡುತ್ತೇನೆ ಅಂದಿದ್ದಾರೆ. ಫೋರ್‌ಮನ್ನೂ ಹ್ಞೂಂ ಅಂದ. ಇಳಿದವರನ್ನು ಹತ್ತಿಸುವುದಿಲ್ಲ ಅಂತ ಯಾರೂ ಹೇಳಿರಲಿಲ್ಲವಂತೆ, ನಾನೇ ಅಂದುಕೊಂಡಿದ್ದು.

ರಜೆ ಕೊಟ್ಟಿದ್ದಾರೆ. ಈ ತಿಂಗಳ ಕೊನೆಯ ಶನಿವಾರ ಬರುತ್ತೇನೆ. ನಿನ್ನನ್ನು ನೋಡಲು ಅಲ್ಲ, ಅಹಂಕಾರ ಪಡಬೇಡ. ದಿಮ್ಮಿಯನ್ನು ನೋಡಬೇಕು. ಅವನು ನಿಂತಲ್ಲೇ ನಿಂತಿರುವುದು ನನಗೆ ಸರಿ ಕಾಣುತ್ತಿಲ್ಲ, ಈಗ ಮೇಲೆ ಬೇರೆ ಹೋಗುತ್ತಿದ್ದಾನೆ. ನಾಲ್ಕು ದಿನ ಜೊತೆಗಿದ್ದು ನಾನೇ ಅಡುಗೆ ಮಾಡಿ ಉಣ್ಣಿಸುತ್ತೇನೆ. ಅವನಿಗೆ ಹೇಳಿಡು.

ಬೀಳುವವನನ್ನು ಹಿಡಿಯಲು ಇನ್ನೊಬ್ಬ ಬೇಕು ಕಣೋ. ನನಗೆ ಅವನಿದ್ದ.

ಅಣ್ಣ


ಜುಲೈ ೧೫

ನೂರ ಮೂವತ್ತೆರಡರ ಚಕ್ರವರ್ತಿಗಳೂ, ಮಾತ್ರೆಯಿಂದಲೇ ಮೂರು ಲೋಕ ಗೆದ್ದವರೂ, ಕಾಣದ ಗೆಳೆಯನಿಗಾಗಿ ರಜೆ ಹಾಕಿದ ಕರುಣಾಸಾಗರರೂ ಆದ ಅಣ್ಣನವರಿಗೆ, ಗುಮಾಸ್ತನು ಕೈಮುಗಿದು ಹೇಳುವುದೇನೆಂದರೆ:

ಬಾ. ಆದರೆ ಬಸ್ಸಿನಿಂದಿಳಿದವನು ದಿಮ್ಮಿಯ ಮನೆ ಎಲ್ಲಿ ಅಂತ ಯಾರನ್ನೂ ಕೇಳಬೇಡ.

ಫೆಬ್ರವರಿಯ ಆ ಸಂಜೆ ನಾನು ಪೆಟ್ಟಿಗೆ ಬಿಚ್ಚಿ ನಿಜ ಹೇಳಿದಾಗ ಯಾರೂ ನಗಲಿಲ್ಲ. ಮೇಸ್ತ್ರಿ ಉಪ್ಪಿನ ಪೊಟ್ಟಣವನ್ನು ನನ್ನ ಕಾಲ ಬಳಿ ಎಸೆದ. ದಿಮ್ಮಿ ನಿಧಾನಕ್ಕೆ ಎದ್ದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. "ನನ್ನ ಕಾಯಿಲೆಗೆ ಚಪ್ಪಾಳೆ ಹೊಡೆಸಿದ್ಯಲ್ಲೋ" ಅಂದ. "ನಮ್ಮ ಮಕ್ಕಳ ಎದುರಿಗೆ." ಅಷ್ಟು ಹೇಳಿ ಹೋದ. ಅವನ ಹಿಂದೆ ಎಲ್ಲರೂ ಹೋದರು. ಅಂದಿನಿಂದ ಈ ಕೋಣೆಗೆ ಗಂಡಸರು ಯಾರೂ ಬಂದಿಲ್ಲ, ಹುಡುಗರೂ ಬಂದಿಲ್ಲ. ನಾನು ಅವನ ಮನೆ ಬಾಗಿಲಿಗೆ ಹೋಗಿ ನಿಂತೆ, ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ಡಾಕ್ಟರಮ್ಮ ಬಂದ ದಿನ ಮಾತ್ರ ಅವನ ಹೆಂಡತಿ ಬಂದು, ನನ್ನ ಕಡೆ ನೋಡದೆ, ಮಾತ್ರೆ ತಗೊಂಡು ಹೋಗುತ್ತಾಳೆ. ಅವನು ನುಂಗುತ್ತಾನೋ ಇಲ್ಲವೋ ಗೊತ್ತಿಲ್ಲ. ನುಂಗುತ್ತಿರಲಿ.

ಹೌದು, ಅವನಿಗೆ ಹೆಂಡತಿ ಇದ್ದಾಳೆ. ಮೂವರು ಮಕ್ಕಳು, ಅತ್ತೆ, ಒಬ್ಬ ಭಾವಮೈದ. ಮನೆ ತುಂಬ ಗದ್ದಲ. ಅವನು ಯಾವತ್ತೂ ಒಬ್ಬನೇ ಕೂತು ಉಂಡವನಲ್ಲ.

ನಿನಗೆ ಭಯ ಅಂದದ್ದು ಅವನಲ್ಲ. "ಪಂದ್ಯ ಅರ್ಧ" ಅಂದದ್ದೂ ಅವನಲ್ಲ. ನೀನೊಬ್ಬನಿದ್ದೀಯ ಅಂತಲೇ ಅವನಿಗೆ ಗೊತ್ತಿಲ್ಲ.

ಇನ್ನು ಆ ಅಂಕೆಗಳು. ಪೂರ್ತಿ ಸುಳ್ಳು ಬರೆಯಲು ನನಗೆ ಮನಸ್ಸಾಗಲಿಲ್ಲ ಅಣ್ಣ. ನಿನಗೆ ಬರೆಯಲು ಕೂರುವ ಮುಂಚೆ ಪಟ್ಟಿಯನ್ನು ನನ್ನ ತೋಳಿಗೇ ಸುತ್ತಿಕೊಳ್ಳುತ್ತಿದ್ದೆ. ಮೊದಲ ಎರಡು ಸಲ, ನಂಬುವಂತಿರಲಿ ಅಂತ, ಬಂದದ್ದಕ್ಕೆ ಅಷ್ಟಿಷ್ಟು ಕೂಡಿಸಿದೆ.

ಆಮೇಲೆ ಕೂಡಿಸಬೇಕಾಗಲಿಲ್ಲ.